ಕಟಕಟೆ ಹತ್ತಿದ ನಮ್ಮ ಭಾವ

ಇಪ್ಪತ್ತಾರು ವರ್ಷದ ವಕೀಲಿಯಲ್ಲಿ ನಮ್ಮ ಭಾವ ಯಾವ ಕೇಸು ಸೋತರೂ ಊಟ ಬಿಟ್ಟವರಲ್ಲ. ಕಕ್ಷಿದಾರನಿಗೆ ಏಳು ವರ್ಷ ಶಿಕ್ಷೆಯಾದ ದಿನವೂ ಮನೆಗೆ ಬಂದು ಕೈಕಾಲು ತೊಳೆದು, ಎರಡನೆಯ ಸಲ ಅನ್ನ ಬಡಿಸಿಕೊಂಡು, "ಮೇಲ್ಮನವಿ ಇದೆಯಲ್ಲ" ಎಂದು ತೇಗಿದ್ದರು. ಅಂಥವರು ಒಂದು ಬುಧವಾರ ತಟ್ಟೆಯ ಮುಂದೆ ಕೂತವರು ತುತ್ತು ಮುಟ್ಟದೆ ಎದ್ದರು. ಒಬ್ಬ ಕಳ್ಳ ಅವರನ್ನು ಬಿಟ್ಟು ಬೇರೆ ವಕೀಲರ ಹತ್ತಿರ ಹೋಗಿದ್ದ.

ಸುದ್ದಿ ತಂದವನು ನಾನೇ. ನಾನು ಅವರ ಹೆಂಡತಿಯ ತಮ್ಮ. ಕೋರ್ಟಿನ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಅರ್ಜಿ, ಪ್ರಮಾಣಪತ್ರ ಟೈಪ್ ಮಾಡುತ್ತೇನೆ. ಈ ಕಟ್ಟಡದಲ್ಲಿ ಯಾರು ಯಾರಿಗೆ ಕೈಕೊಟ್ಟರೂ ಅದು ಮೊದಲು ತಿಳಿಯುವುದು ನನ್ನ ಹತ್ತು ಬೆರಳುಗಳಿಗೆ. ಆ ಬುಧವಾರ ಎದುರು ಕೋಣೆಯ ವಕೀಲರು ಒಂದು ಜಾಮೀನು ಅರ್ಜಿ ತಂದರು. ಆರೋಪಿಯ ಹೆಸರು ಹೊಡೆಯುವಾಗ ಬೆರಳು ತಾನಾಗಿಯೇ ನಿಂತಿತು. ಅದು ಹೇರ್‌ಪಿನ್ನಿನ ಹೆಸರು.

ಹೇರ್‌ಪಿನ್ ಎಂದರೆ ಸಣಕಲು ಮೈ, ಮೆಲ್ಲನೆಯ ಮಾತು. ಸ್ವಂತ ಮನೆಯ ಬಾಗಿಲನ್ನೂ ತಟ್ಟಿ ಒಳಗೆ ಹೋಗುವಷ್ಟು ಸಭ್ಯ. ಬೇರೆಯವರ ಬಾಗಿಲನ್ನು ಮಾತ್ರ ತಟ್ಟುತ್ತಿರಲಿಲ್ಲ. ಹದಿನೆಂಟು ವರ್ಷದಲ್ಲಿ ಅವನ ಮೇಲೆ ಹನ್ನೊಂದು ಕೇಸು ಬಿದ್ದಿದ್ದವು, ಹನ್ನೊಂದರಲ್ಲೂ ಭಾವ ಅವನನ್ನು ಬಿಡಿಸಿದ್ದರು. ಕೋರ್ಟಿನಲ್ಲಿ ಭಾವನ ಅಡ್ಡಹೆಸರು ಗುಡುಗು. ಅವರು ಎದ್ದು ನಿಂತು, "ಸ್ವಾಮಿ, ಈ ಬಡಪಾಯಿಗೆ ಬೀಗ ಯಾವುದು, ಬೀಗದ ಕೈ ಯಾವುದು ಎಂಬುದೇ ಗೊತ್ತಿಲ್ಲ. ಇವನ ಕೈ ನೋಡಿ, ಹೇಗೆ ನಡುಗುತ್ತಿದೆ" ಎಂದು ಶುರುಮಾಡಿದರೆ ಫ್ಯಾನಿನ ಸದ್ದು ಅಡಗುತ್ತಿತ್ತು, ಹೊರಗಿನ ಪಾರಿವಾಳಗಳು ಹಾರಿಹೋಗುತ್ತಿದ್ದವು. ಕೈ ನಡುಗಿಸುವುದನ್ನು ಹೇಳಿಕೊಟ್ಟವರೂ ಅವರೇ. ಮೊದಮೊದಲು ಅವನು ಭುಜದಿಂದ ನಡುಗಿಸುತ್ತಿದ್ದ. ಮಣಿಕಟ್ಟಿನಿಂದ ನಡುಗಿಸಲು ಕಲಿಯುವ ಹೊತ್ತಿಗೆ ಮೂರು ಕೇಸು ಮುಗಿದಿದ್ದವು.

ಭಾವನದು ಒಂದೇ ಕಟ್ಟುನಿಟ್ಟು. ಕಕ್ಷಿದಾರ ನಡೆದದ್ದನ್ನು ಅವರಿಗೆ ಹೇಳಕೂಡದು. "ಕಕ್ಷಿದಾರನ ಬಾಯಲ್ಲಿ ನಿಜ ಕೇಳಿದ ವಕೀಲ, ಹುಳ ನೋಡಿ ಹಣ್ಣು ತಿಂದವನ ಹಾಗೆ. ಗಂಟಲಲ್ಲಿ ಇಳಿಯೋಲ್ಲ" ಎನ್ನುತ್ತಿದ್ದರು.

ಇಂಥ ಹೇರ್‌ಪಿನ್ ಈಗ ಹೋಗಿದ್ದು ಅತ್ತರು ವಕೀಲರ ಹತ್ತಿರ. ಅವರು ಬರುವ ಮೊದಲು ಅವರ ಸುವಾಸನೆ ಬರುತ್ತದೆ, ಅದಕ್ಕೇ ಆ ಹೆಸರು. ಭಾವನಿಗಿಂತ ಹತ್ತು ವರ್ಷ ಚಿಕ್ಕವರು, ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. "ಅವನ ವಾದಕ್ಕಿಂತ ಅವನ ಅತ್ತರೇ ಜೋರು" ಎಂದು ಭಾವ ವಕೀಲರ ಸಂಘದಲ್ಲಿ ಆಗಾಗ ಹೇಳುವುದಿತ್ತು. ಆ ವಾರ ಅದನ್ನು ದಿನಕ್ಕೆ ಆರು ಸಲ ಹೇಳಿದರು.

ಮನೆಯಲ್ಲಿ ಅಕ್ಕ ಸುಮ್ಮನಿರಲಿಲ್ಲ.

"ನಾನು ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದ್ರೆ, 'ಬಂದ್ಯಾ' ಅಂತ ಕೇಳೋಕೆ ನಿಮಗೆ ಇನ್ನೂ ಎರಡು ದಿನ ಬೇಕು. ಕಳ್ಳ ಎದುರು ಕೋಣೆಗೆ ಹೋದ ಅಂತ ಊಟ ಬಿಡ್ತೀರಾ?"

"ಅವನು ಕಳ್ಳ ಅಲ್ಲ. ಆರೋಪಿ."

"ನಾನು ಆರೋಪಿ ಆಗಿದ್ರೆ ನನ್ನನ್ನೂ ವಿಚಾರಿಸ್ತಿದ್ರೇನೋ."

ಹೇರ್‌ಪಿನ್ನಿಗೆ ಜಾಮೀನು ಸಿಕ್ಕಿತು. ಅಲ್ಲಿಂದ ಭಾವನ ಕುರ್ಚಿ ಜಾಗ ಬದಲಾಯಿಸಿತು. ಮೊದಲು ಕಿಟಕಿಗೆ ಮುಖ ಮಾಡಿದ್ದ ಕುರ್ಚಿ ಈಗ ಬಾಗಿಲಿಗೆ ಮುಖ ಮಾಡಿ ನಿಂತಿತು. ಬಾಗಿಲಿನಾಚೆ ಮೊಗಸಾಲೆ, ಮೊಗಸಾಲೆಯಾಚೆ ಅತ್ತರು ವಕೀಲರ ಕೋಣೆ. ಹೇರ್‌ಪಿನ್ ಒಳಗೆ ಹೋದರೆ ಭಾವ ಗಡಿಯಾರ ನೋಡುತ್ತಿದ್ದರು. ಒಂದು ದಿನ ತಡೆಯಲಾರದೆ, ಗುಂಡುಪಿನ್ನು ಬೇಕೆಂಬ ನೆಪ ಹೇಳಿ ನನ್ನನ್ನೇ ಅಲ್ಲಿಗೆ ಕಳಿಸಿದರು. ನಾನು ಪಿನ್ನು ಹಿಡಿದು ಬಂದೆ. ಅದರ ಕಡೆ ಅವರು ನೋಡಲೂ ಇಲ್ಲ.

"ಎಲ್ಲಿ ಕೂರಿಸಿದಾನೆ? ಬೆಂಚಾ?"

"ಕುರ್ಚಿ."

"ಕೈ ಇರೋ ಕುರ್ಚಿನಾ?"

"ಇದೆ ಭಾವ. ಎರಡೂ ಕಡೆ."

"ಫ್ಯಾನು?"

"ಜೋರಾಗೇ ತಿರುಗ್ತಿತ್ತು."

ಭಾವ ತಮ್ಮ ಕೋಣೆಯ ಬೆಂಚಿನ ಕಡೆ ನೋಡಿದರು. ಹದಿನೆಂಟು ವರ್ಷ ಹೇರ್‌ಪಿನ್ನನ್ನು ಅವರು ಕೂರಿಸಿದ್ದು ಮೂರೂವರೆ ಕಾಲಿನ ಬೆಂಚಿನ ಮೇಲೆ. "ಯಾರು ಮಾತಾಡ್ತಿದ್ರು?" ಎಂದು ಕೊನೆಗೆ ಕೇಳಿದರು.

"ಹೇರ್‌ಪಿನ್ನೇ. ಅವರು ಕೇಳಿಸ್ಕೋತಾ ಬರ್ಕೋತಿದ್ರು."

ಇದು ಕುರ್ಚಿಗಿಂತ ಆಳಕ್ಕೆ ನಾಟಿತು. ಮಾರನೆಯ ದಿನವೇ ಪೇಟೆ ಬೀದಿಯಿಂದ ಕೈ ಇರುವ ಕುರ್ಚಿಯೊಂದು ಭಾವನ ಕೋಣೆಗೆ ಬಂತು. ಅದರಲ್ಲಿ ಅವರು ಯಾರನ್ನೂ ಕೂರಲು ಬಿಡಲಿಲ್ಲ. ಒಬ್ಬ ಜೇಬುಗಳ್ಳ ತಿಳಿಯದೆ ಕೂತು ಬೈಸಿಕೊಂಡ.

ಹತ್ತನೆಯ ದಿನ ಹೇರ್‌ಪಿನ್ ನನ್ನ ಮೇಜಿನ ಹತ್ತಿರ ಬಂದಿದ್ದ, ಯಾವುದೋ ಪ್ರತಿ ತೆಗೆದುಕೊಳ್ಳಲು. ಮೆಟ್ಟಿಲ ಮೇಲಿಂದ ಕಪ್ಪು ಕೋಟು ಗರುಡನ ಹಾಗೆ ಎರಗಿತು.

"ಏನಪ್ಪಾ," ಎಂದರು ಭಾವ. ಗುಡುಗಲು ಹೊರಟ ದನಿ ಅರ್ಧದಲ್ಲಿ ಒಡೆಯಿತು. "ನಾನೇನು ಕಮ್ಮಿ ಮಾಡಿದ್ದೆ ನಿನಗೆ?"

ಹೇರ್‌ಪಿನ್ ತಲೆ ತಗ್ಗಿಸಿದ. "ಏನೂ ಕಮ್ಮಿ ಮಾಡಿಲ್ಲ ಸಾರ್."

"ಮತ್ತೆ?"

"ಠಾಣೆಗೆ ನೀವು ಬಂದಾಗ ಹೇಳೋಕೆ ಬಾಯಿ ತೆಗೆದೆ. ನೀವು ನನ್ನ ಬಾಯಿಗೆ ಕೈ ಅಡ್ಡ ಹಿಡಿದ್ರಿ. 'ಹೇಳಬೇಡ, ಹೇಳಬೇಡ, ನಾನು ನೋಡ್ಕೋತೀನಿ' ಅಂದ್ರಿ."

"ಯಾವತ್ತೂ ಹಾಗೇ ಅಲ್ವೇನೋ?"

"ಈ ಸಲ ನಾನು ಮಾಡಿಲ್ಲ ಸಾರ್."

ಇಂಥ ಕಕ್ಷಿದಾರನನ್ನು ಭಾವ ಪುಸ್ತಕದಲ್ಲಿ ಓದಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ.

"ಬಟ್ಟೆ ವ್ಯಾಪಾರಿ ಮನೇಲಿ ಕಳುವಾಗಿದ್ದು ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೊಂದರ ಒಳಗೆ," ಹೇರ್‌ಪಿನ್ ದನಿ ಇನ್ನೂ ತಗ್ಗಿಸಿದ. "ಆ ಹೊತ್ತಿಗೆ ನಾನು ನಿಮ್ಮ ಮನೇಲೇ ಇದ್ನಲ್ಲ ಸಾರ್. ಅಮ್ಮಾವ್ರು ಬೀಗದ ಕೈ ಗೊಂಚಲು ತಗೊಂಡು ತವರಿಗೆ ಹೋಗಿದ್ರು. ನಿಮ್ಮ ಕೋಟು ಅವರ ಕಪಾಟಿನ ಒಳಗೆ. ಸೋಮವಾರ ಕೋರ್ಟಿಗೆ ಬೇಕು ಅಂತ ನನ್ನ ಕರೆಸಿದ್ರಿ."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಭಾವ ನನ್ನ ಕಡೆ ನೋಡಿ, "ನಿನಗೇನು ಕೆಲಸ ಇಲ್ವಾ?" ಎಂದರು. ನಾನು ಬರೀ ಕಾಗದದ ಮೇಲೆ ಟಕಟಕ ಬಡಿದೆ.

"ಅತ್ತರು ಸಾರ್ ಎಲ್ಲಾ ಕೇಳಿಸ್ಕೊಂಡ್ರು," ಎಂದ ಹೇರ್‌ಪಿನ್. "ನೀವೇ ಸಾಕ್ಷಿ ಹೇಳ್ಬೇಕು, ಸಾಕ್ಷಿ ಹೇಳೋರು ಅದೇ ಕೇಸಲ್ಲಿ ವಾದ ಮಾಡೋ ಹಾಗಿಲ್ಲ ಅಂದ್ರು."

"ಅದು ನನಗೆ ಗೊತ್ತು," ಎಂದರು ಭಾವ. "ಅವನು ಹುಟ್ಟೋಕೆ ಮುಂಚೆಯಿಂದ ಗೊತ್ತು."

ಅಲ್ಲಿಗೆ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು. ಆಗಲಿಲ್ಲ, ಉರಿ ಮಗ್ಗುಲು ಬದಲಿಸಿತು. ಅವರ ಜೀವಮಾನದ ಏಕೈಕ ನಿರಪರಾಧಿ ಕಕ್ಷಿದಾರ ಅತ್ತರಿನ ಪಾಲಾಗಿದ್ದ. ಗೆದ್ದರೆ ಹೆಸರು ಅತ್ತರು ವಕೀಲರಿಗೆ. ಭಾವನಿಗೆ ಉಳಿದದ್ದು, ಹೇರ್‌ಪಿನ್ನಿಗೆ ಬೀಗ ಎಂದರೇನೆಂದೇ ತಿಳಿಯದು ಎಂದು ಹನ್ನೊಂದು ಸಲ ಗುಡುಗಿದ ಅದೇ ಬಾಯಲ್ಲಿ, ತಮ್ಮ ಹೆಂಡತಿಯ ಕಪಾಟನ್ನು ಅವನು ತೆರೆದನೆಂದು ಪ್ರಮಾಣ ಮಾಡಿ ಹೇಳುವ ಭಾಗ್ಯ.

ಎಂಟು ತಿಂಗಳಾದ ಮೇಲೆ ಆ ದಿನ ಬಂತು. ನಾನು ಮೇಜಿನ ಮೇಲೆ ಹೊದಿಕೆ ಎಳೆದು ಹಿಂದಿನ ಸಾಲಿನಲ್ಲಿ ಜಾಗ ಹಿಡಿದೆ. ವಕೀಲರ ಸಂಘಕ್ಕೆ ಸಂಘವೇ ಬಂದಿತ್ತು. ರಣರಂಗದ ಆನೆ ಬೋನಿಗೆ ಹೋಗುವುದನ್ನು ಯಾರು ತಪ್ಪಿಸಿಕೊಳ್ಳುತ್ತಾರೆ? ಭಾವ ಕಟಕಟೆಯ ಮೂರು ಮೆಟ್ಟಿಲು ಹತ್ತಿದರು. ಇಪ್ಪತ್ತಾರು ವರ್ಷ ಹೊರಗಿನಿಂದ ಬಡಿದಿದ್ದ ಅದರ ಮರದ ಅಡ್ಡಪಟ್ಟಿಯನ್ನು ಮೊದಲ ಸಲ ಒಳಗಿನಿಂದ ಹಿಡಿದುಕೊಂಡರು. ಪ್ರಮಾಣ ಮಾಡಿದರು.

ಅತ್ತರು ವಕೀಲರು ಎದ್ದರು. "ಆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ತಾವು ಎಲ್ಲಿದ್ದಿರಿ?"

"ಸ್ವಾಮಿ," ಭಾವ ಎದೆ ಉಬ್ಬಿಸಿದರು. "ಈ ಪ್ರಶ್ನೆಗೆ ಉತ್ತರಿಸುವ ಮುನ್ನ ಪ್ರಾಸಿಕ್ಯೂಷನ್ ಕಥೆಯ ಬುಡದಲ್ಲೇ ಇರುವ..."

"ವಕೀಲರೇ," ಎಂದರು ನ್ಯಾಯಾಧೀಶರು. "ನೀವೀಗ ಸಾಕ್ಷಿ. ಕೇಳಿದ್ದಕ್ಕಷ್ಟೇ ಉತ್ತರ."

"ಮನೆಯಲ್ಲಿದ್ದೆ," ಎಂದರು ಭಾವ.

"ಜೊತೆಗೆ ಯಾರಾದರೂ ಇದ್ದರೇ?"

ಭಾವನ ಹುಬ್ಬು ಎದ್ದಿತು. ಆ ಮುಖ ನಾನು ಬಲ್ಲೆ. ಎದುರಾಳಿಯ ವಾದದಲ್ಲಿ ಬಿರುಕು ಕಂಡಾಗ ಅವರ ಬಲಗಡೆಯ ಹುಬ್ಬು ಹಾಗೇ ಏಳುತ್ತದೆ. ಈ ಸಲ ಬಿರುಕು ಅವರ ನಾಲಿಗೆಯ ತುದಿಯಲ್ಲೇ ಇತ್ತು. "ಸರಿಯಾಗಿ ನೆನಪಿಲ್ಲ" ಎಂಬ ಎರಡು ಮಾತು ಸಾಕು, ಅತ್ತರು ವಕೀಲರು ಇಡೀ ಸಂಘದ ಮುಂದೆ ಮಣ್ಣುಮುಕ್ಕುತ್ತಿದ್ದರು. ಕೈ ಇರುವ ಕುರ್ಚಿ, ಜೋರು ಫ್ಯಾನು, ಎಂಟು ತಿಂಗಳು, ಎಲ್ಲದಕ್ಕೂ ಒಂದೇ ಏಟಿನಲ್ಲಿ ಲೆಕ್ಕ ಚುಕ್ತಾ. ಹಾಗಾದರೆ ಹೇರ್‌ಪಿನ್ ಒಳಗೆ ಹೋಗುತ್ತಾನೆ, ಅಷ್ಟೇ.

ಭಾವ ಆರೋಪಿಯ ಕಡೆ ನೋಡಿದರು. ಅವನ ಎರಡೂ ಕೈ ಭುಜದಿಂದ ನಡುಗುತ್ತಿದ್ದವು; ಅದು ಅವರು ಹೇಳಿಕೊಟ್ಟ ನಡುಕವಲ್ಲ.

"ಈತ ಇದ್ದ," ಎಂದರು ಭಾವ. "ಹತ್ತಕ್ಕೆ ಬಂದ, ಹನ್ನೊಂದೂ ಕಾಲಿಗೆ ಹೋದ. ನನ್ನ ಹೆಂಡತಿಯ ಕಪಾಟಿನ ಬೀಗ ತೆರೆದುಕೊಟ್ಟ. ಆಮೇಲೆ ಸೋಮವಾರದ ನನ್ನ ವಾದವನ್ನು ಪೂರ್ತಿ ಕೇಳಿಸಿಕೊಂಡ."

ಅತ್ತರು ವಕೀಲರು ಕೂತರು. ಸರ್ಕಾರಿ ವಕೀಲರು ಎದ್ದರು. ಹನ್ನೊಂದು ಸಲ ಸೋತ ಮನುಷ್ಯ ಇಷ್ಟು ನಿಧಾನವಾಗಿ ಏಳುವುದನ್ನು, ಇಷ್ಟು ಸುಖವಾಗಿ ಕನ್ನಡಕ ಒರೆಸಿಕೊಳ್ಳುವುದನ್ನು ನಾನು ನೋಡಿರಲಿಲ್ಲ.

"ಬೀಗ ತೆರೆಯೋಕೆ ಎಷ್ಟು ಹೊತ್ತಾಯಿತು?"

"ನಾಲ್ಕು ನಿಮಿಷ."

"ಯಾವುದರಿಂದ?"

"ಹೇರ್‌ಪಿನ್ನಿಂದ."

"ಉಳಿದ ಒಂದು ಗಂಟೆ ಹನ್ನೊಂದು ನಿಮಿಷ ಈತ ನಿಮ್ಮ ವಾದ ಕೇಳಿದ. ಎದ್ದು ಹೋಗಲಿಲ್ಲವೇ?"

"ಎರಡು ಸಲ ಎದ್ದ. ನಾನು ಕೂರಿಸಿದೆ."

ನ್ಯಾಯಾಧೀಶರು ಕಡತದಿಂದ ಮುಖ ಮುಚ್ಚಿಕೊಂಡರು. ಭಾವನ ವಾದ ಕೇಳಿದ ಅನುಭವ ಅವರಿಗೂ ಇತ್ತು. ಈ ಮಾತು ನಿಜವೆಂದು ಅವರು ನಂಬಿದ್ದು ಅಲ್ಲೇ ಎಂಬುದು ನನ್ನ ಅನುಮಾನ.

"ಹಾಗಾದರೆ ಹನ್ನೊಂದು ಕೇಸಿನಲ್ಲಿ, ಈತನಿಗೆ ಬೀಗ ತೆರೆಯಲು ಬರುವುದೇ ಇಲ್ಲ ಎಂದು ಇದೇ ಕೋರ್ಟಿಗೆ ಸುಳ್ಳು ಹೇಳಿದಿರಿ?"

"ಅದು ವಾದ, ಇದು ಸಾಕ್ಷಿ," ಎಂದರು ಭಾವ. "ಆಗ ನನ್ನಿಂದ ಯಾರೂ ಪ್ರಮಾಣ ಮಾಡಿಸಿರಲಿಲ್ಲ."

ಮೂರು ವಾರದ ಮೇಲೆ ತೀರ್ಪು ಬಂತು. ಹೇರ್‌ಪಿನ್ನಿಗೆ ಬಿಡುಗಡೆಯಾಯಿತು. ಭಾವನಿಗೆ ಮಾತ್ರ ಆಗಲಿಲ್ಲ, ಏಕೆಂದರೆ ಅಕ್ಕನ ವಿಚಾರಣೆ ಇನ್ನೂ ನಡೆಯುತ್ತಿತ್ತು. ತನ್ನ ಕಪಾಟಿನಲ್ಲಿ ಏನೇನಿತ್ತೆಂದು ಒಬ್ಬ ಕಳ್ಳನಿಗೆ ಗೊತ್ತು, ಕಟ್ಟಿಕೊಂಡ ಗಂಡನಿಗೆ ಗೊತ್ತಿಲ್ಲ ಎಂಬುದು ಅವಳ ದೋಷಾರೋಪ.

ಮೊಗಸಾಲೆಯಲ್ಲಿ ಹೇರ್‌ಪಿನ್ ಮೊದಲು ಅತ್ತರು ವಕೀಲರ ಕೈ ಹಿಡಿದುಕೊಂಡ. ಭಾವ, ಗೋಡೆಯ ಮೇಲಿದ್ದ ಎರಡು ವರ್ಷ ಹಳೆಯ ಸೂಚನೆಯನ್ನು ತದೇಕಚಿತ್ತದಿಂದ ಓದುತ್ತ ನಿಂತರು. ಹೇರ್‌ಪಿನ್ ಮೆಲ್ಲಗೆ ಅವರ ಪಕ್ಕಕ್ಕೆ ಬಂದ.

"ಸಾರ್, ಕೋಪಾನಾ?"

"ನನಗ್ಯಾಕೆ ಕೋಪ? ಬೇಕಾದಷ್ಟು ಕಕ್ಷಿದಾರರಿದಾರೆ. ಮುಂದಿನ ಕೇಸಿಗೂ ಅವನ ಹತ್ರಾನೇ ಹೋಗು. ಕುರ್ಚಿ ಇದೆ."

"ಮುಂದಿನ ಕೇಸು ಎಲ್ಲಿಂದ ಬರುತ್ತೆ ಸಾರ್? ನಾಲ್ಕು ನಿಮಿಷ ಅಂತ ನೀವೇ ಪ್ರಮಾಣ ಮಾಡಿ ಬರೆಸಿಬಿಟ್ರಿ. ಇನ್ನು ಯಾವ ವಕೀಲರು 'ಇವನ ಕೈ ನೋಡಿ' ಅಂತಾರೆ?" ಅವನ ದನಿಯಲ್ಲಿ ದೂರಿರಲಿಲ್ಲ. "ಬಸ್ ನಿಲ್ದಾಣದ ಹತ್ರ ಬೀಗ ರಿಪೇರಿ ಪೆಟ್ಟಿಗೆ ಅಂಗಡಿ ಹಾಕ್ತೀನಿ. ಕೋರ್ಟೇ ಸರ್ಟಿಫಿಕೇಟ್ ಕೊಟ್ಟಂಗಾಯ್ತಲ್ಲ."

ಭಾವ ಸೂಚನೆಯಿಂದ ಕಣ್ಣು ತೆಗೆದರು. ಎದುರು ಕೋಣೆಯ ಬಾಗಿಲಲ್ಲಿ ಅತ್ತರು ವಕೀಲರು ಅಭಿನಂದನೆ ಸ್ವೀಕರಿಸುತ್ತಿದ್ದರು. ಭಾವ ಅವರನ್ನು ನೋಡಿದರು, ಹೇರ್‌ಪಿನ್ನನ್ನು ನೋಡಿದರು.

"ಅಂದ್ರೆ ಇನ್ನು ಅವನ ಹತ್ರಾನೂ ಹೋಗಲ್ಲ?"

"ಇಲ್ಲ ಸಾರ್. ಯಾರ ಹತ್ರಾನೂ ಇಲ್ಲ."

ಎಂಟು ತಿಂಗಳಿಂದ ಗಂಟಿಕ್ಕಿದ್ದ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ಭಾವ ಹೇರ್‌ಪಿನ್ನಿನ ಹೆಗಲ ಮೇಲೆ ಕೈ ಹಾಕಿ, ಅತ್ತರು ವಕೀಲರಿಗೆ ಚೆನ್ನಾಗಿ ಕಾಣುವ ಹಾಗೆ ಅವನನ್ನು ಮೊಗಸಾಲೆಯ ಉದ್ದಕ್ಕೂ ನಡೆಸಿಕೊಂಡು ಹೋದರು. ದಾರಿಯಲ್ಲಿ ನನ್ನನ್ನೂ ಕರೆದರು. ಮೂರು ಜನಕ್ಕೂ ಊಟ ಅವರದೇ ಎಂದರು.