ಗಂಗತ್ತಿ ಮೇಯರಿಗೆ ಉಡಿ ತುಂಬಿದ್ದು

ಡೊಳ್ಳಿನ ಸದ್ದು ಕೇಳಿದರೆ ನಿಮಗೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಕೆಲವರ ಕಾಲು ಕುಣಿಯುತ್ತವಂತೆ, ಕೆಲವರ ಮೈಮೇಲೆ ದೇವರು ಬರುತ್ತದಂತೆ. ನಾನು ಎತ್ತರದ ಜಾಗ ಹುಡುಕುತ್ತೇನೆ. ಹೋದ ವಾರ ಜತ್ತದಲ್ಲಿ ನಮ್ಮ ಕಾಲೇಜಿನ ಎದುರು ಯಾರದೋ ಮದುವೆಯ ಮೆರವಣಿಗೆ ಹಾದುಹೋಯಿತು. ನಾನು ಒಳಗೆ ಇತಿಹಾಸ ಕಲಿಸುತ್ತಿದ್ದೆ. ಮೊದಲ ಪೆಟ್ಟು ಬಿದ್ದದ್ದು ನೆನಪಿದೆ. ಆಮೇಲೆ ನೆನಪಿರುವುದು, ನಾನು ಮೇಜಿನ ಮೇಲೆ ಡಸ್ಟರ್ ಹಿಡಿದು ನಿಂತಿದ್ದೆ. ಮಕ್ಕಳೆಲ್ಲ ಇದೂ ಪಾಠದಲ್ಲಿದೆ ಎಂದುಕೊಂಡು ಪೆನ್ನು ಹಿಡಿದು ಕಾಯುತ್ತಿದ್ದರು. "ಕೋಟೆಯ ಮೇಲಿನಿಂದ ಶತ್ರುವನ್ನು ನೋಡುತ್ತಿದ್ದದ್ದು ಹೀಗೆ" ಎಂದು ಹೇಳಿ ಇಳಿದೆ. ಎಂ.ಎ. ಓದಿದ್ದು ಇಂಥ ಹೊತ್ತಿನಲ್ಲಿ ಕೈ ಹಿಡಿಯುತ್ತದೆ.

ನಿಜ ಹೇಳಬೇಕೆಂದರೆ ಡೊಳ್ಳಿಗೆ ನಾನು ಹೆದರುವವನಲ್ಲ. ಡೊಳ್ಳಿನ ಹಿಂದೆ ಏನು ಬರುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವನು, ಅಷ್ಟೇ. ಅದನ್ನು ನಿಮಗೆ ಹೇಳಬೇಕಾದರೆ ಮೊದಲು ನಮ್ಮ ಗಂಗತ್ತಿಯ ಬಗ್ಗೆ ಹೇಳಬೇಕು.

ಗಂಗತ್ತಿ ನನ್ನ ಅಪ್ಪನ ತಂಗಿ. ಹುಟ್ಟಿದ್ದು ನಮ್ಮೂರು ಸೋನ್ಯಾಳದಲ್ಲಿ, ಇರುವುದು ಒಂದು ದೊಡ್ಡ ಶಹರದಲ್ಲಿ. ಶಹರದ ಹೆಸರು ಬೇಡ. ನನಗೆ ಅಲ್ಲಿಗೆ ಇನ್ನೂ ಹೋಗಿಬರುವುದಿದೆ. ಅವಳ ಗಂಡ ಅಲ್ಲಿಯ ಮಂಡಈಯಲ್ಲಿ, ಅಂದರೆ ಕಾಯಿಪಲ್ಲೆಯ ಪೇಟೆಯಲ್ಲಿ, ಹಮಾಲಿ ಮಾಡುತ್ತಾನೆ. ಅವಳು ಅದೇ ಪೇಟೆಯಲ್ಲಿ ತಗಡಿನ ನೆರಳಲ್ಲಿ ಗೋಣಿತಟ್ಟು ಹಾಸಿಕೊಂಡು ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಾಳೆ. ಗಿರಾಕಿಗಳು "ಖಾರ ಎಷ್ಟಿದೆ?" ಎಂದು ಕೇಳಿದರೆ ಬಾಯಿಂದ ಹೇಳುವುದಿಲ್ಲ. ಒಂದು ಚಿಟಿಕೆ ತಾನೇ ಬಾಯಿಗೆ ಹಾಕಿಕೊಂಡು ಮುಖ ತೋರಿಸುತ್ತಾಳೆ. ಆ ಮುಖ ನೋಡಿ ಅರ್ಧ ಜನ ಓಡುತ್ತಾರೆ, ಉಳಿದರ್ಧ ಜನ ಅರ್ಧ ಕಿಲೋ ಒಯ್ಯುತ್ತಾರೆ.

ಇಷ್ಟು ಖಾರ ತಿಂದರೂ ಅವಳು ನೀರು ಕುಡಿಯುತ್ತಿರಲಿಲ್ಲ. ಒಮ್ಮೆ ನಾನೇ ಬಾಟಲಿ ಚಾಚಿದ್ದೆ.

"ಬ್ಯಾಡಪಾ, ಸಂಜಿಗಿ ಮನಿಗಿ ಹ್ವಾದಮ್ಯಾಲ ಕುಡೀತೀನಿ."

"ಯಾಕ ಅತ್ತಿ, ಇವತ್ತ ಉಪಾಸೇನು?"

ಅವಳು ನನ್ನ ಮುಖ ನೋಡಿ ಕೇಳಿದಳು: "ನೀ ಎಷ್ಟ ಓದೀದಿ?"

ಆ ಪೇಟೆಯಲ್ಲಿ ಹೆಂಗಸರಿಗೆ ಹೋಗಲು ಜಾಗವಿಲ್ಲ ಎಂಬುದು ನನ್ನ ತಲೆಗೆ ಹೊಳೆದದ್ದು ಊರಿಗೆ ಮರಳುವ ಬಸ್ಸಿನಲ್ಲಿ, ನಾನು ದಾರಿಯಲ್ಲಿ ಬಸ್ಸು ನಿಲ್ಲಿಸಿಕೊಂಡು ಗಿಡದ ಮರೆಗೆ ಹೋದಾಗ.

ಜಾಗವೇ ಇಲ್ಲ ಎನ್ನುವುದೂ ತಪ್ಪು. ಮಂಡಈಯ ಮೂಲೆಯಲ್ಲಿ ಹೊಸ ಶೌಚಾಲಯ ಕಟ್ಟಿದ್ದರು, ಹೆಂಗಸರಿಗೊಂದು ಬಾಗಿಲು, ಗಂಡಸರಿಗೊಂದು. ಗೋಡೆಯ ಮೇಲೆ ನವಿಲಿನ ಚಿತ್ರ. ಮೇಯರು ಬಂದು ರಿಬ್ಬನ್ ಕತ್ತರಿಸಿ ಪೇಢೆ ಹಂಚಿದ್ದರು. ಅದೇ ಸಂಜೆ ಎರಡೂ ಬಾಗಿಲಿಗೆ ಬಿದ್ದ ಕೀಲಿಯನ್ನು ಮತ್ತೆ ಯಾರೂ ತೆಗೆಯಲೇ ಇಲ್ಲ. ಇತ್ತ ಗಂಗತ್ತಿಯ ಹೊಟ್ಟೆಯಲ್ಲಿ ಹರಳು ಕಾಣಿಸಿಕೊಂಡಿತು. ರಾತ್ರಿಯೆಲ್ಲ ಗೋಡೆ ಹಿಡಿದು ಕೂರುವಷ್ಟು ನೋವು. ಹೀಗೇ ಬಿಟ್ಟರೆ ಮೂತ್ರಪಿಂಡವೇ ಹೋದೀತು, ಕೊಡಗಟ್ಟಲೆ ನೀರು ಕುಡಿ ಎಂದರು ಡಾಕ್ಟರು.

"ನೀರ ಕುಡದು ಎಲ್ಲಿ ಹೋಗ್ಲಿ?" ಎಂದು ಅವಳು ಫೋನಿನಲ್ಲಿ ಬಯ್ಯುತ್ತಿದ್ದಳು, ನಾನೇ ಡಾಕ್ಟರೋ ಎಂಬಂತೆ. "ಅವನ ದವಾಖಾನಿಗಿ ಹೋಗ್ಲೇನು?"

ಅವಳು ಚಾವಿ ಕೇಳಲು ಮಹಾನಗರಪಾಲಿಕೆಗೆ ಹೋದರೆ ಮೇಯರ್ ಮೇಡಂ ಮೀಟಿಂಗಿನಲ್ಲಿ. ಮತ್ತೆ ಹೋದರೂ ಮೀಟಿಂಗಿನಲ್ಲಿ. ತಮಾಷೆಯೆಂದರೆ ಆ ಮೇಯರ್ ಮೇಡಂ ಬೇರೆ ಯಾರೂ ಅಲ್ಲ, ಸೋನ್ಯಾಳದ ಕಮಲಾ. ನಮ್ಮ ಓಣಿಯವಳೇ. ಗಂಗತ್ತಿಯ ಜೊತೆ ಕುರಿಮರಿ ಕಾಯ್ದವಳು, ಆ ಶಹರಕ್ಕೆ ಸೊಸೆಯಾಗಿ ಹೋಗಿ, ಚುನಾವಣೆ ಗೆದ್ದು, ಮೇಯರಾದಳು. ಊರಿಗೆ ಹಿಗ್ಗೋ ಹಿಗ್ಗು. ತವರಿನಲ್ಲಿ ಆಕೆಗೆ ಸತ್ಕಾರ ಎಂದು ದಿನ ಗೊತ್ತಾಯಿತು. ಹಿಂದಿನ ದಿನವೇ ಗಂಗತ್ತಿ ಅಂಗಡಿ ಕಟ್ಟಿ ಬಸ್ಸು ಹತ್ತಿ ಬಂದಳು. ಕೈಚೀಲದಲ್ಲಿ ತೆಂಗಿನಕಾಯಿ, ಕುಪ್ಪಸದ ಬಟ್ಟೆ.

"ಅಲ್ಲಿ ಆಕೀನ ಭೆಟ್ಟಿ ಮಾಡಾಕ ಪೊಲೀಸ್ರು ಬಿಡೂದಿಲ್ಲ," ಎಂದಳು. "ಇಲ್ಲಿ ನಾ ಉಡಿ ತುಂಬಾಕ ಹ್ವಾದ್ರ ಯಾವ ಪೊಲೀಸ ತಡೀತಾನ?"

ನಮ್ಮ ಕಡೆಯ ಉಡಿ ತುಂಬುವ ಪದ್ಧತಿ ನಿಮಗೆ ಗೊತ್ತೇ ಇದೆ. ತವರಿಗೆ ಬಂದ ಮಗಳನ್ನು ಮಣೆಯ ಮೇಲೆ ಕೂರಿಸುತ್ತಾರೆ. ಅವಳು ಸೆರಗನ್ನು ಮಡಿಲಲ್ಲಿ ಹರಡಿ ಹಿಡಿಯುತ್ತಾಳೆ. ಐವರು ಮುತ್ತೈದೆಯರು ಒಬ್ಬೊಬ್ಬರಾಗಿ ಅಕ್ಕಿ, ಅರಿಶಿನಕೊಂಬು, ಅಡಿಕೆ, ಉತ್ತತ್ತಿ, ಕಡೆಗೆ ಕಾಯಿ ಹಾಕುತ್ತಾರೆ. ಐದನೆಯವಳ ಕಾಯಿ ಬೀಳುವವರೆಗೆ ಕೂತವಳು ಏಳುವಂತಿಲ್ಲ. ಉಡಿ ಚೆಲ್ಲಿದರೆ ತವರಿಗೇ ಕೆಟ್ಟದ್ದು ಎನ್ನುತ್ತಾರೆ. ದೊಡ್ಡವರನ್ನು ಒಂದು ಕಡೆ ಕೂರಿಸಿ ಉತ್ತರ ಪಡೆಯಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ರಾಜ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ನಾನು ಕಂಡಿಲ್ಲ. ಗಂಗತ್ತಿ ಐದನೆಯವಳಾಗಿ ನಿಂತಳು.

ಆ ದಿನ ನಿರೂಪಣೆ ನನ್ನದು. ಓದಿದವನು ಎಂಬ ಒಂದೇ ಅಪರಾಧಕ್ಕೆ ಊರಿನಲ್ಲಿ ಈ ಶಿಕ್ಷೆ. ಜತ್ತದಿಂದ ವೈರಿಲ್ಲದ ಮೈಕು ಬಾಡಿಗೆಗೆ ತಂದಿದ್ದರು. ಅದನ್ನು ಹಿಡಿದು ನಾನು ಬೇಕಿಲ್ಲದ ಕಡೆಗೆಲ್ಲ ಓಡಾಡುತ್ತಿದ್ದೆ. ಗುಡಿಯ ಮೇಲೆ, ಸಾಲೆಯ ಮೇಲೆ ಭೋಂಗಾ ಕಟ್ಟಿದ್ದರು. ನಾನು ಉಸಿರು ಬಿಟ್ಟರೂ ಕರಜಗಿಯವರೆಗೆ ಕೇಳುತ್ತಿತ್ತು ಎಂದು ಆಮೇಲೆ ಆ ಊರಿನವರೇ ಹೇಳಿದರು.

ಸತ್ಕಾರ ಮೇಯರಿನ ತವರುಮನೆಯ ಅಂಗಳದಲ್ಲಿ. ಅಲ್ಲಿ ಬೇವಿನ ಗಿಡದ ಬುಡದಲ್ಲಿ ಗೂಟಕ್ಕೆ ಕಟ್ಟಿದ್ದದ್ದು ಕಾಳ್ಯಾ, ಮೇಯರಿನ ಅಣ್ಣ ಮಾಯಪ್ಪನ ಕಾಳಗದ ಟಗರು. ಹಾಲು, ತತ್ತಿ, ನೆನೆಸಿದ ಹುರುಳಿ ತಿಂದು ಬೆಳೆದದ್ದು. ನಮ್ಮ ಮನೆಯಲ್ಲಿ ಯಾರಿಗೂ ಆ ಯೋಗವಿಲ್ಲ. ತಂಗಿಯ ಜೊತೆ ಅದರದೊಂದು ಫೋಟೋ ಆಗಬೇಕೆಂದು ಮಾಯಪ್ಪನ ಆಸೆ. ಅದಕ್ಕೇ ಕೊಂಬಿಗೆ ರಿಬ್ಬನ್ ಸುತ್ತಿ, ಬೆನ್ನಿಗೆ ಅರಿಶಿನದ ಭಂಡಾರ ಬಳಿದಿದ್ದ. ಡೊಳ್ಳಿನವರಿಗೆ ಮಾತ್ರ ಕಟ್ಟಪ್ಪಣೆ ಮಾಡಿದ್ದ: "ಕಾಳ್ಯಾ ಇಲ್ಲಿ ಇರೂತನಕ ಬಡೀಬ್ಯಾಡ್ರಿ. ಡೊಳ್ಳು ಕೇಳಿದ್ರ ಕುಸ್ತಿ ಚಾಲೂ ಆತು ಅಂತ ತಿಳೀತಾನ." ಇಷ್ಟು ಹೇಳಿ ಅವನು ಪಾನಕಕ್ಕೆ ಬರ್ಫದ ಗಡ್ಡೆ ತರಲು ಗಾಡಿ ಹತ್ತಿ ಹೋದ. ಈ ಮಾತನ್ನು ಕೇಳಿಸಿಕೊಳ್ಳದವನು ಊರಲ್ಲಿ ಒಬ್ಬನೇ, ಮೇಯರಿನ ಜೊತೆ ಶಹರದಿಂದ ಬಂದಿದ್ದ ಕರಿ ಕನ್ನಡಕದ ಪಿ.ಎ.

ನಾಲ್ವರು ಉಡಿ ತುಂಬಿದರು. ಗಂಗತ್ತಿ ಮುಂದೆ ಬಂದು ಕುಂಕುಮ ಹಚ್ಚಿ, ಒಂದು ಬೊಗಸೆ ಅಕ್ಕಿ ಹಾಕಿ ಕೇಳಿದಳು: "ಕಮಳಾ, ಮಂಡಈ ಮೂಲ್ಯಾಗ ಪಾಯಖಾನಿ ಕಟ್ಟೀರಲ್ಲ, ಅದರ ಚಾವಿ ಯಾರ ಹತ್ರ ಐತಿ?"

ಮೇಯರು ಕ್ಯಾಮರಾದ ಕಡೆ ನಗುತ್ತಲೇ, "ಗಂಗಕ್ಕಾ, ಆಫೀಸಿಗಿ ಬಾ, ಮಾತಾಡೂಣು" ಎಂದರು.

"ಬಂದಿದ್ದೆ. ನೀ ಮೀಟಿಂಗಿನ್ಯಾಗ ಇದ್ದಿ. ತಗೋ, ಅರಿಷಿಣ. ಚಾವಿ ಯಾರ ಹತ್ರ?"

"ಅದು ಪ್ರಕ್ರಿಯಾದಾಗ ಐತಿ."

"ಪ್ರಕ್ರಿಯಾ ಅಂದ್ರ ಯಾರು? ಯಾವೂರಾಂವ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಂಗತ್ತಿ ಅಡಿಕೆ ಹಾಕಿದಳು, ಉತ್ತತ್ತಿ ಹಾಕಿದಳು. ಪ್ರತಿ ಸಲವೂ ಅದೇ ಪ್ರಶ್ನೆ. ಕಾಯಿಯನ್ನು ಮಾತ್ರ ಕೈಯಲ್ಲೇ ಹಿಡಿದು ನಿಂತಳು. ಮೇಯರು ಏಳುವಂತಿಲ್ಲ, ಇವಳು ಹಾಕುವವಳಲ್ಲ. "ಮೌಶಿ, ವೇಳ ನಾಹೀ, ವೇಳ ನಾಹೀ" ಎಂದು ಪಿ.ಎ. ಹೊತ್ತಿಲ್ಲವೆಂದು ಮರಾಠಿಯಲ್ಲಿ ಹೇಳುತ್ತ ಗಡಿಯಾರ ತೋರಿಸಿದ. ಮೌಶಿ ತಿರುಗಿಯೂ ನೋಡಲಿಲ್ಲ. ಆಗ ಅವನ ಕಣ್ಣು ಡೊಳ್ಳಿನವರ ಮೇಲೆ ಬಿತ್ತು. ಸದ್ದಿನಲ್ಲಿ ಪ್ರಶ್ನೆ ಮುಳುಗಿಹೋಗಲಿ ಎಂದು ಕೈಯೆತ್ತಿ 'ಶುರು ಮಾಡಿ' ಎಂದು ಸನ್ನೆ ಮಾಡಿದ. ಶಹರದ ಸಾಹೇಬನೇ ಹೇಳಿದ ಮೇಲೆ ಇನ್ನೇನು? ಅವರು ಬಡಿದರು.

ಕಾಳ್ಯಾ ತಲೆ ಎತ್ತಿತು. ಮುಂದಿನದನ್ನು ನಾನು ಈಗಲೂ ರಾತ್ರಿ ಕಣ್ಣು ಮುಚ್ಚಿದರೆ ನಿಧಾನವಾಗಿ ನೋಡುತ್ತೇನೆ. ಗೂಟ ಕಿತ್ತುಬಂತು. ಟಗರು ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಪಿ.ಎ. "ಘಾಬರಲಾ" ಎಂದು ನಕ್ಕ, ಹೆದರಿತು ಎಂದುಕೊಂಡು. ಅಯ್ಯಾ, ಟಗರು ಹಿಂದೆ ಸರಿಯುವುದು ಹೆದರಿಯಲ್ಲ ಎಂಬುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಅಂಗಳದಲ್ಲಿ ಅದರ ಕಣ್ಣಿಗೆ ನೇರವಾಗಿ ಬಿದ್ದದ್ದು ಮಣೆಯ ಮೇಲೆ ಅಲ್ಲಾಡದೆ ಕೂತ ಮೇಯರು.

"ಏಳಽ ಕಮಳೀ!" ಎಂದು ಗಂಗತ್ತಿ ರಟ್ಟೆ ಹಿಡಿದು ಎಳೆದಳು. ಟಗರಿನ ಹಣೆ ಬಡಿದದ್ದು ಮಣೆಗೆ. ಸಾಗವಾನಿಯ ಮಣೆ ಎರಡು ಹೋಳಾಯಿತು. ಆ ಸದ್ದು ನನ್ನ ಹಲ್ಲಿನಲ್ಲಿ ಇನ್ನೂ ಇದೆ.

ನಾನು ಮೈಕಿನಲ್ಲಿ "ಬಂಧುಗಳೇ, ದಯವಿಟ್ಟು ಶಾಂತತೆ ಕಾಪಾಡಿ" ಎಂದದ್ದು ಖರೆ. ಆದರೆ ಅದನ್ನು ಹೇಳುವಾಗ ನಾನು ಆಗಲೇ ಕುರ್ಚಿ ತಂದಿದ್ದ ಟ್ರಾಕ್ಟರ್ ಟ್ರಾಲಿಯ ಮೇಲಿದ್ದೆ. ಹೇಗೆ ಹತ್ತಿದೆನೋ ತಿಳಿಯದು. ಆಮೇಲೆ ಸಮಾಧಾನದಿಂದ ಪ್ರಯತ್ನಿಸಿ ನೋಡಿದೆ, ಆಗಲಿಲ್ಲ. ಪಿ.ಎ. ಬೇವಿನ ಗಿಡದಲ್ಲಿದ್ದ. ಕಾವಲಿಗೆ ಬಂದ ಪೊಲೀಸಪ್ಪ ಕೋಳಿಗೂಡಿನ ಹಿಂದೆ. ಮಹಾನಗರದ ಮೇಯರು ಎರಡೂ ಕೈಯಿಂದ ಉಡಿ ಹಿಡಿದುಕೊಂಡು, ಒಂದು ಅಕ್ಕಿಕಾಳೂ ಚೆಲ್ಲದ ಹಾಗೆ ಓಡಿ ಬಂದರು. ಹಿಂದಿನಿಂದ ಗಂಗತ್ತಿ ಆಕೆಯನ್ನು ಟ್ರಾಲಿಗೆ ನೂಕಿ ತಾನೂ ಹತ್ತಿದಳು. ಕಾಳ್ಯಾ ಬಂದು ಟ್ರಾಲಿಗೆ ಗುದ್ದಿತು. ತಗಡು ಮೊಳಗಿತು. ಸ್ವಲ್ಪ ಹಿಂದೆ ಸರಿದು ಮತ್ತೆ ಗುದ್ದಿತು. ಡೊಳ್ಳಿನವರು ಎಂದೋ ಓಡಿಹೋಗಿದ್ದರು, ಆದರೆ ಈಗ ಟ್ರಾಲಿಯೇ ಅದಕ್ಕೆ ಡೊಳ್ಳಾಗಿತ್ತು. ತಾನೇ ಬಡಿಯುವುದು, ತಾನೇ ಕೆರಳುವುದು.

ಗಂಗತ್ತಿ ಉಸಿರು ಸುಧಾರಿಸಿಕೊಂಡು, "ಉಡಿ ಇನ್ನಾ ತುಂಬಿಲ್ಲ, ಕುಂದ್ರು" ಎಂದಳು. ಕಾಯಿ ಇನ್ನೂ ಅವಳ ಕೈಯಲ್ಲೇ ಇತ್ತು.

ಮೇಯರು ಕೂತರು. ಸ್ವಲ್ಪ ಹೊತ್ತಿಗೆ ಮಿಸುಕಾಡತೊಡಗಿದರು. ಬೆಳಗಿನಿಂದ ಊರಿನ ಮನೆಮನೆಗೆ ಹೋಗಿದ್ದರು. ಒಂದು ಮನೆಯಲ್ಲಿ ಚಹಾ, ಇನ್ನೊಂದರಲ್ಲಿ ಮಜ್ಜಿಗೆ, ಮತ್ತೊಂದರಲ್ಲಿ ಪಾನಕ. ತವರಿನ ಮಗಳು ಒಲ್ಲೆ ಎನ್ನುವಂತಿಲ್ಲ.

"ಗಂಗಕ್ಕಾ, ನಾ ಹೋಗ್ಬೇಕು."

"ಕೆಳಗ ಕಾಳ್ಯಾ ನಿಂತಾನ. ಎಲ್ಲಿ ಹ್ವಾಗ್ತಿ?"

"ಹಂಗಲ್ಲ…" ಮೇಯರು ದನಿ ತಗ್ಗಿಸಿದರು. "ಒಂದಕ್ಕ ಹೋಗ್ಬೇಕು."

ಗಂಗತ್ತಿ ನಗಲಿಲ್ಲ. ಅವಳು ಕೊಂಚವಾದರೂ ನಗಬೇಕಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆ ಮುಖ ನೋಡಿ ನನಗೆ ಟಗರಿಗಿಂತ ಹೆಚ್ಚು ಹೆದರಿಕೆಯಾಯಿತು.

"ತಡಕೋ ತಂಗಿ," ಎಂದಳು. "ನಾ ದಿನಾ ತಡಕೋತೀನಿ. ತಡಕೊಂಡು ತಡಕೊಂಡು ಹೊಟ್ಯಾಗ ಹರಳ ಮಾಡ್ಕೊಂಡೀನಿ."

ಕೆಳಗೆ ಕಾಳ್ಯಾ ಗುದ್ದಿತು. ಮೇಯರು ಕಣ್ಣು ಮುಚ್ಚಿಕೊಂಡು, "ಒಳಗ ನಳಾ ಇಲ್ಲ ಗಂಗಕ್ಕಾ. ನೀರಿನ ಲೈನ್ ಹಾಕಿಲ್ಲ. ಅದಕ್ಕ ಕೀಲಿ" ಎಂದರು.

"ರಿಬ್ಬನ್ ಕತ್ತರಿಸಿದ ದಿನ ಒಳಗ ಹೋಗಿ ನೋಡ್ಲಿಲ್ಲೇನು?"

"ಇಲ್ಲ. ಫೋಟೋ ಹೊರಗ ಇತ್ತು."

ಆಗ ಬೇವಿನ ಗಿಡದ ಮೇಲಿನಿಂದ ಪಿ.ಎ. ಚೀರಿದ: "ಮ್ಯಾಡಂ, ಮೈಕ್ ಚಾಲೂ ಆಹೇ!"

ಮೇಯರು ನನ್ನನ್ನು ನೋಡಿದರು. ನಾನು ಮೈಕನ್ನು ನೋಡಿದೆ. ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು. ಓಣಿಯ ಮಾಳಿಗೆಗಳ ಮೇಲಿನಿಂದ ಒಂದೇ ಸಮ ನಗೆ ಎದ್ದಿತು. ಬಂದ್ ಮಾಡಲು ಹೋದ ನನ್ನ ಕೈಯಿಂದ ಗಂಗತ್ತಿ ಮೈಕು ಕಸಿದು ಮೇಯರಿನ ಬಾಯಿಯ ಮುಂದೆ ಹಿಡಿದಳು. "ಆತಲ್ಲ, ಎಲ್ಲಾರಿಗೂ ಗೊತ್ತಾತು. ಇನ್ನ ನಾಚೂದು ಏನೈತಿ? ಯಾವಾಗ ಅಂತ ಹೇಳು. ಉಡಿ ಮುಟ್ಟಿ ಹೇಳು."

ಎಷ್ಟೆಂದರೂ ನಮ್ಮೂರ ಮಗಳು. ಉಡಿಯ ಮೇಲೆ ಕೈಯಿಟ್ಟು, "ದೀಪಾವಳಿ ಒಳಗ ನೀರು ಬರತೈತಿ. ಬರ್ಲಿಲ್ಲಂದ್ರ ನನ್ನ ಕಾಳ್ಯಾನ ಮುಂದ ನಿಲ್ಲಸ್ರಿ" ಎಂದರು. ಕಾಯಿ ಉಡಿಗೆ ಬಿತ್ತು.

ಬರ್ಫ ಹೊತ್ತು ಬಂದ ಮಾಯಪ್ಪ "ಏ ಕಾಳ್ಯಾ, ಯಾಕಪಾ ಸಿಟ್ಟು?" ಎಂದು ಕರೆದ. ಅದು ಹೋಗಿ ಅವನ ತೊಡೆಗೆ ತಲೆ ಉಜ್ಜುತ್ತ ನಿಂತಿತು. ಮೇಯರು ಟ್ರಾಲಿಯಿಂದ ಇಳಿದು ತವರಿನ ಮನೆಯೊಳಗೆ ಓಡಿದ ವೇಗವನ್ನು ಯಾವ ಚುನಾವಣೆಯಲ್ಲೂ ಯಾರೂ ಕಂಡಿರಲಿಕ್ಕಿಲ್ಲ. ಪಿ.ಎ.ಯನ್ನು ಇಳಿಸಲು ಏಣಿ ತರಬೇಕಾಯಿತು.

ಹೋದ ವಾರ ತರಗತಿಯಲ್ಲಿ ಮೇಜು ಹತ್ತಿದ ಪ್ರಸಂಗವಾದ ಮೇಲೆ ಗಂಗತ್ತಿಯನ್ನು ನೋಡಬೇಕೆನಿಸಿ ಮೊನ್ನೆ ಆ ಶಹರಕ್ಕೆ ಹೋದೆ. ದೀಪಾವಳಿ ದಾಟಿ ತುಸು ತಡವಾದರೂ ನೀರು ಬಂದಿದೆ. ಹೆಂಗಸರ ಬಾಗಿಲು ತೆರೆದಿದೆ. ಗಂಗತ್ತಿ ಗಿರಾಕಿಗಳ ಎದುರಿಗೇ ದೊಡ್ಡ ಬಾಟಲಿ ಎತ್ತಿ ಗಟಗಟ ಕುಡಿಯುತ್ತಾಳೆ. ಹರಳಿನ ನೋವು ಕಡಿಮೆಯಾಗಿದೆಯಂತೆ. ನನಗೂ ರೊಟ್ಟಿ, ಚಟ್ನಿ, ನೀರು, ಚಹಾ, ಮತ್ತೆ ನೀರು. ಸ್ವಲ್ಪ ಹೊತ್ತಿಗೆ ನಾನು ಎದ್ದೆ. ನವಿಲಿನ ಚಿತ್ರದವರೆಗೆ ಹೋದೆ, ಮರಳಿ ಬಂದೆ.

"ಅತ್ತಿ, ಗಂಡಸರ ಕಡೆ ಬಾಗಲಕ್ಕ ಕೀಲಿ ಐತಲ್ಲ?"

"ಹೂಂ, ಐತಿ."

"ಯಾಕ?"

"ನನಗೇನ ಗೊತ್ತು? ನಾ ನಮ್ಮ ಕಡೀದು ಕೇಳ್ದೆ. ನಿಮ್ಮ ಕಡೀದು ನೀವು ಕೇಳ್ರಿ. ಯಾವ ಗಂಡಸೂ ಕೇಳೂದಿಲ್ಲ, ಎಲ್ಲಾರೂ ನನ್ನ ಹಿಂದಿನ ಗ್ವಾಡಿಗಿ ಬರ್ತಾರ." ಆಮೇಲೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೀನೂ ಗ್ವಾಡಿಗಿ ಹೋಗಬ್ಯಾಡ ಮತ್ತ!" ಎಂದಳು.

ಪಾಲಿಕೆಯ ಕಚೇರಿ ಅಲ್ಲಿಂದ ದೂರವಿಲ್ಲ. ನಡೆಯುವುದಷ್ಟೇ ಕಷ್ಟವಾಯಿತು. ಮೇಡಂ ಮೀಟಿಂಗಿನಲ್ಲಿದ್ದಾರೆ ಎಂದ ಬಾಗಿಲಲ್ಲಿ ನಿಂತ ಸಿಪಾಯಿ. ಗಂಡಸರ ಕಡೆಯ ಚಾವಿ ಕೇಳಬೇಕು, ಕೂತಿರುತ್ತೇನೆ ಎಂದೆ. ಬಹಳ ಹೊತ್ತಾಗುತ್ತದೆ ಎಂದ. ಆಗಲಿ ಎಂದು ಬಾಗಿಲಿಗೆ ನೇರವಾಗಿದ್ದ ಬೆಂಚಿನ ಮೇಲೆ, ಯಾರೇ ಹೊರಬಂದರೂ ನನ್ನನ್ನು ದಾಟಿಯೇ ಹೋಗಬೇಕಾದ ಕಡೆ, ಕಾಲ ಮೇಲೆ ಕಾಲು ಬಿಗಿದು ಕೂತೆ. ನನ್ನ ಮುಖ ನೋಡಿ ಪಾಪ ಅನಿಸಿತೋ ಏನೋ, ಅವನು ಒಂದು ಗ್ಲಾಸು ನೀರು ತಂದುಕೊಟ್ಟ.

ಪೂರ್ತಿ ಕುಡಿದೆ. ಇನ್ನೊಂದು ಗ್ಲಾಸು ಕೇಳಿದೆ.