ನಡುವಿನಲ್ಲಿ ರಾಶಿ ಇರಲಿಲ್ಲ

ಸುಮಿತ್ರಾ, ನಿನ್ನ ಲೆಕ್ಕ ತಪ್ಪಿರಲಿಲ್ಲ. ಅದು ಗೊತ್ತಿದ್ದೂ ನಾನು ತಪ್ಪು ಎಂದೆ.

ತೊಂಬತ್ತರ ದಶಕ. ನಾನು ಸೊಲ್ಲಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕ. ನೀನು ಚಪಳಗಾಂವದಿಂದ ಎಸ್‌ಟಿ ಬಸ್ಸಿನಲ್ಲಿ ಬಂದು ನನ್ನ ಕೈಕೆಳಗೆ ಎಂ.ಫಿಲ್. ಮಾಡುತ್ತಿದ್ದವಳು. ನಮ್ಮ ವಿಷಯ ಮಂಕು ಗ್ಯಾಲಕ್ಸಿಗಳು — ನಕ್ಷತ್ರಗಳು ವಿರಳ, ಆದರೂ ಒಳಗಿನ ಅನಿಲ ಭರದಿಂದ ಸುತ್ತುತ್ತದೆ. ಅದನ್ನು ಚದುರದಂತೆ ಹಿಡಿದಿಟ್ಟಿರುವುದು ಕಣ್ಣಿಗೆ ಕಾಣದ ಕಪ್ಪುದ್ರವ್ಯ. ಅದು ಒಳಗೆ ಹೇಗೆ ಹರಡಿಕೊಂಡಿದೆ? ಈ ಪ್ರಶ್ನೆ ನಮ್ಮಿಬ್ಬರಿಗೂ ಹುಚ್ಚು ಹಿಡಿಸಿತ್ತು. ಮುಂದಿಟ್ಟ ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ.

ನಡುವಿನಲ್ಲಿ ಅದು ಒತ್ತಾಗಿ ಗುಡ್ಡೆಗಟ್ಟಿರಬೇಕು ಎನ್ನುತ್ತಿದ್ದವು ಕಂಪ್ಯೂಟರ್ ಲೆಕ್ಕಗಳು. ಹಾಗಿದ್ದರೆ ನಡುವಿನಿಂದ ಹೊರಗೆ ಹೊರಟ ಕೂಡಲೇ ಅನಿಲದ ವೇಗ ಸರ್ರನೆ ಏರಬೇಕು. ನೀನು ದೂರದರ್ಶಕದ ಅಳತೆಗಳನ್ನು ಗುರುತಿಸಿದ ಗ್ರಾಫ್ ಹಾಳೆ ತಂದು ತೋರಿಸಿದೆ — ಗೆರೆ ಮೆಲ್ಲಗೆ, ತೀರ ಮೆಲ್ಲಗೆ ಏರಿತ್ತು.

“ಸರ, ನಡುವ ರಾಶಿ ಇಲ್ಲರಿ. ಕಣದಾಗ ಜ್ವಾಳ ಹರವಿದಂಗ ಅದ, ಎಲ್ಲಾ ಕಡೆ ಸಮ.”

ಎಷ್ಟು ಚೆಂದದ ಮಾತು! ಆದರೆ ದೂರದರ್ಶಕದ ಮಸುಕಿನಿಂದಲೂ ಗೆರೆ ಹಾಗೆ ಕಾಣಬಹುದು. ಅಂದೇ ಸಂಜೆ ಮನೆಯಲ್ಲಿ ಕೂತು ಮಸುಕಿನ ಲೆಕ್ಕ ಹಾಕಿದೆ. ಇಲ್ಲ — ಮಸುಕು ಅಷ್ಟು ಮಾಡಲಾರದು. ನೀನು ಕಂಡದ್ದು ನಿಜ. ಹಾಗಾದರೆ ಹೀಗೇಕೆ? ಆ ‘ಏಕೆ’ ನನಗೊಬ್ಬನಿಗೇ ಬೇಕೆನಿಸಿತು. ಆಸೆಬುರುಕತನ — ಬೇರೆ ಹೆಸರಿಲ್ಲ ಅದಕ್ಕೆ.

ಮರುದಿನ ನಾನೇ ನಿನ್ನನ್ನು ಕರೆದು ಹೇಳಿದೆ: “ಅದು ಬರೇ ಮಸುಕು, ಸುಮಿತ್ರಾ. ನಡುವಿನ ಬಿಂದು ತಗದುಹಾಕು. ಹಿಂಗ ಬರದ್ರ ಮಂದಿ ನಗತಾರ.”

ನೀನು ಆ ಬಿಂದುಗಳನ್ನು ಅಳಿಸಿದೆ. ಸಂಶೋಧನೆ ನನ್ನಂಥವಳಿಗಲ್ಲ ಎಂದು ಮುಂದಿನ ಓದು ಬಿಟ್ಟು ಅಕ್ಕಲಕೋಟೆಯ ಶಾಲೆಯೊಂದರಲ್ಲಿ ಶಿಕ್ಷಕಿಯಾದೆ. ನಾನು ಆ ಪ್ರಶ್ನೆಯನ್ನು ವರ್ಷಗಟ್ಟಲೆ ಕೆದಕಿದೆ, ಏನೂ ಕೈಗೆ ಹತ್ತಲಿಲ್ಲ. ಅಷ್ಟರಲ್ಲಿ ಹೊರದೇಶದವರು ನೀನು ಕಂಡದ್ದನ್ನೇ ಕಂಡು ಅಚ್ಚು ಹಾಕಿಸಿದರು. ಹೀಗೇಕೆ ಎಂಬ ವಾದ ಇನ್ನೂ ಮುಗಿದಿಲ್ಲ. ಸಿಕ್ಕಿದ್ದನ್ನೆಲ್ಲ ಈಗಲೂ ಓದುತ್ತೇನೆ — ನಾಚಿಕೆಗೆಟ್ಟ ಕುತೂಹಲ ನನ್ನದು.

ಮೊನ್ನೆ ಹೋಟಗಿ ಸ್ಟೇಷನ್ನಿನಲ್ಲಿ ನೀನು ಸಿಕ್ಕೆ. ಜನರ ನಡುವೆಯೇ ಬಗ್ಗಿ ನನ್ನ ಕಾಲು ಮುಟ್ಟಿ ಹೇಳಿದೆ: “ನನ್ನ ತಪ್ಪು ನೀವು ತಿದ್ದಿದ್ದು ದರ ವರ್ಷ ಹುಡುಗರಿಗೆ ಹೇಳತೀನ್ರಿ, ಸರ. ತಪ್ಪು ಹೆಂಗ ಒಪ್ಕೋಬೇಕು ಅಂತ.”

ಆಗಲೂ ನಾನು ನಿಜ ಹೇಳಲಿಲ್ಲ. ತಲೆಯ ಮೇಲೆ ಕೈಯಿಟ್ಟು ಹರಸಿದೆ — ಅದೂ ಬೇರೆ.

ಸೋಮವಾರ ನಿನ್ನ ಶಾಲೆಗೆ ಬರುತ್ತೇನೆ, ಸುಮಿತ್ರಾ. ತಪ್ಪು ಹೇಗೆ ಒಪ್ಪಿಕೊಳ್ಳಬೇಕೆಂದು ನಿನ್ನ ಮಕ್ಕಳು ನನ್ನನ್ನು ನೋಡಿ ಕಲಿಯಲಿ.