ಭಾನುವಾರವಲ್ಲದ ದಿನ ಹಾಸ್ಟೆಲಿಗೆ ಹೋದದ್ದು

ಅಮ್ಮಣ್ಣೀ, ಪಾಪಣ್ಣಾ, ಇದನ್ನು ನಿಮ್ಮಿಬ್ಬರಿಗಾಗಿ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಕೂತರೆ ನಿಮ್ಮ ಈ ಅಜ್ಜಿಗೆ ಮಾತು ಹೊರಡುವುದಿಲ್ಲ. ನಿಮ್ಮ ತಾತ ಇರುವವರೆಗೆ ಹೊರಗಿನವರ ಜೊತೆ ಮಾತಾಡುವುದೆಲ್ಲ ಅವರದೇ ಆಗಿತ್ತು. ಅಮ್ಮಣ್ಣಿಯ ವಿಷಯ ಬರೆಯಲೇ ಎಂದು ಅವಳನ್ನೇ ಕೇಳಿದೆ. ‘ಬರಿ ಅವ್ವ, ಮುಂದಿನ ವರ್ಷ ಪಾಪಣ್ಣನೂ ಹಾಸ್ಟೆಲಿಗೆ ಹೋಯ್ತಾನಲ್ಲ’ ಅಂದಳು.

ಹತ್ತನೆಯ ತರಗತಿ ಮುಗಿಸಿದವಳನ್ನು ಇಂಟರ್ ಓದಲು ಹಿಂದೂಪುರದ ಹಾಸ್ಟೆಲಿಗೆ ಬಿಟ್ಟು ಬಂದ ಮೊದಲ ತಿಂಗಳು, ಭಾನುವಾರದ ಫೋನಿನಲ್ಲೆಲ್ಲ ಅವಳು ಅಳುತ್ತಿದ್ದಳು. ನಿಮ್ಮಪ್ಪ ನೋಡಿಕೊಂಡು ಬರಲು ಹೊರಟಾಗ ತಡೆದವಳು ನಾನೇ. ನಮ್ಮೂರಲ್ಲಿ ಕರುವಿಗೆ ಹಾಲು ಬಿಡಿಸುವಾಗ ಹಸುವಿನ ಕೂಗು ಕೇಳದಷ್ಟು ದೂರ, ಬೇರೆಯವರ ಕೊಟ್ಟಿಗೆಯಲ್ಲಿ ಕಟ್ಟುತ್ತೇವೆ. ನಾಲ್ಕು ದಿನ ಅರಚಿ ಐದನೆಯ ದಿನ ಮೇವಿಗೆ ಬಾಯಿ ಹಾಕುತ್ತದೆ. ‘ಯಾರೂ ಹೋಗ್ಬೇಡ್ರಪ್ಪ, ತಾನೇ ಹೊಂದ್ಕೋತದೆ’ ಅಂದೆ. ಎರಡು ತಿಂಗಳು ಯಾರೂ ಹೋಗಲಿಲ್ಲ. ಅಳು ನಿಂತಿತು. ನಾನು ಬೀಗಿದೆ ಕೂಡ.

ಆಮೇಲೆ ಅವಳು ಫೋನಿನಲ್ಲಿ ಅಲ್ಲಿಯವರ ಹಾಗೆ ತೆಲುಗು ಮಾತಾಡತೊಡಗಿದಳು. ‘ಬಾಗುನ್ನಾನವ್ವಾ. ತಿನ್ನಾನು.’ ಚೆನ್ನಾಗಿದ್ದೇನೆ, ಉಂಡೆ, ಅಷ್ಟೇ. ‘ಕಾಲೇಜಿನ ಗಾಳಿ ಬೀಸ್ಬುಟ್ಟೈತೆ’ ಎಂದು ನಿಮ್ಮಪ್ಪ ನಕ್ಕ. ನನಗೆ ನಗು ಬರಲಿಲ್ಲ. ಹುಟ್ಟಿದಾಗಿನಿಂದ ನನ್ನ ಜೊತೆ ಕನ್ನಡದಲ್ಲೇ ಜಗಳಾಡಿದ ಹುಡುಗಿ, ಈಗ ಬಸ್ ಕಂಡಕ್ಟರನಿಗೆ ಉತ್ತರ ಕೊಟ್ಟ ಹಾಗೆ ಮಾತಾಡುತ್ತಿದ್ದಳು.

ಒಂದು ಬುಧವಾರ ಸೆಟ್ಟೂರಿನಲ್ಲಿ ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಇಳಿದು, ಹಿಂದೂಪುರದ ಬಸ್ಸು ಯಾವುದೆಂದು ಮೂವರನ್ನು ಕೇಳಿ ಹತ್ತಿದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ರೊದ್ದಂ ದಾಟುವವರೆಗೂ ವಾರ್ಡನಮ್ಮನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ಗೇಟಿನ ಬಳಿ ಎಲ್ಲ ಮರೆತುಹೋಯಿತು.

‘ಈರೋಜು ಸಂಡೇ ಕಾದು ಕದಮ್ಮಾ’ ಅಂದರು ವಾರ್ಡನಮ್ಮ. ಭಾನುವಾರವೇ ಬರಬೇಕಂತೆ.

ಗಾಬರಿಯಲ್ಲಿ ನನಗೆ ಕನ್ನಡವೇ ಬಂತು. ‘ಭಾನುವಾರದ ತನಕ ತಡೆಯಕಾಗಲ್ಲ ಕಣಮ್ಮ. ಇಲ್ಲೇ ಕೂತಿರ್ತೀನಿ’ ಎಂದು ಮೆಟ್ಟಿಲ ಮೇಲೆ ಕೂತೇಬಿಟ್ಟೆ. ಅವರಿಗೆ ಎಷ್ಟು ಅರ್ಥವಾಯಿತೋ, ಅರ್ಧ ಗಂಟೆಯ ಮೇಲೆ ಅವಳನ್ನು ಕಳಿಸಿದರು.

ಚೂಡಿದಾರ್ ಅವಳ ಮೈಮೇಲೆ ಜೋತಾಡುತ್ತಿತ್ತು. ಉಗುರು ಕಚ್ಚಿ ಕಚ್ಚಿ ಬೆರಳ ತುದಿಗಳು ಕೆಂಪಾಗಿದ್ದವು. ನಿಪ್ಪಟ್ಟಿನ ಡಬ್ಬಿ ಮುಟ್ಟಲಿಲ್ಲ.

‘ಯಾಕೆ ಬಂದೆ? ಯಾರೂ ಹೋಗ್ಬೇಡಿ ಅಂತ ನೀನೇ ಹೇಳಿದ್ಯಂತೆ.’

‘ತಪ್ಪಾಯ್ತು ಕಣೇ ಅಮ್ಮಣ್ಣಿ. ನಂಗೆ ತಿಳೀಲಿಲ್ಲ.’

ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. ಆಮೇಲೆ, ‘ಬೆಳಿಗ್ಗೆ ಯಾಕಾದ್ರೂ ಎಚ್ಚರ ಆಯ್ತದೋ ಅನ್ನುಸ್ತದೆ ಅವ್ವ’ ಅಂದಳು.

ಮುಂದಿನದನ್ನು ಕೇಳಲು ಹೆದರಿಕೆಯಾಯಿತು. ಆದರೂ ಕೇಳಿದೆ. ‘ಸಾಯ್ಬೇಕು ಅನ್ನುಸ್ತದಾ?’

‘ಒಂದೊಂದ್ಸಲ.’

‘ಬಿಡ್ತು ಅನ್ನು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಇನ್ನೂ ಏನೇನು ಅನ್ನುಸ್ತದೆ, ಎಲ್ಲಾ ಹೇಳು, ನಾನೆಲ್ಲೂ ಹೋಗಲ್ಲ’ ಅಂದೆ. ಹೇಳಿದಳು, ಕನ್ನಡದಲ್ಲಿ.

ಅವತ್ತು ಸಂಜೆಯೇ ನಿಮ್ಮಪ್ಪನನ್ನು ಹಿಂದೂಪುರಕ್ಕೆ ಕರೆಸಿ, ಇವಳನ್ನು ಮನಸ್ಸಿನ ಡಾಕ್ಟರಿಗೆ ತೋರಿಸೋಣ ಎಂದೆ. ‘ಮನಸ್ಸಿನ ಡಾಕ್ಟ್ರ ಹತ್ರ ಹೋದ್ರೆ ಜನ ಏನಂದಾರಮ್ಮ? ದಿಷ್ಟಿ ತೆಗ್ದು ಊರಿಗೆ ಕರ್ಕೊಂಡೋಗಾನ’ ಎಂದು ಅವನು ಹಿಂದೇಟು ಹಾಕಿದ.

‘ದಿಷ್ಟಿ ನಾನೇ ತೆಗೀತೀನಿ, ಮೊದ್ಲು ಡಾಕ್ಟ್ರು. ನಿಂಗೆ ಹಲ್ಲುನೋವು ಬಂದಾಗ ಊರೋರ್ನೆಲ್ಲ ಕೇಳ್ಕೊಂಡು ಹೋಗಿದ್ಯೇನ್ಲಾ?’ ಅಂದೆ. ಮಗನ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲ ಸಲ.

ಮರುದಿನ ಡಾಕ್ಟರಮ್ಮ ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಇದು ಕಾಯಿಲೆ, ವಾಸಿಯಾಗುತ್ತದೆ, ಈಗ ಒಂಟಿಯಾಗಿ ಬಿಡಬೇಡಿ ಎಂದು ನಮಗೆ ಹೇಳಿದರು. ಸಾವಿನ ಮಾತು ಕೇಳಬಾರದಿತ್ತೇನೋ ಎಂದು ನಾನು ಅಂಜುತ್ತಾ ಕೇಳಿದಾಗ, ‘ಕೇಳಿದ್ದೇ ಒಳ್ಳೆಯದಾಯಿತಮ್ಮ’ ಅಂದರು.

ದನಗಳನ್ನು ನಿಮ್ಮಮ್ಮನಿಗೆ ಒಪ್ಪಿಸಿ ಕಾಲೇಜಿನ ಹತ್ತಿರ ಒಂದು ರೂಮು ಹಿಡಿದೆ. ಅಲ್ಲಿಂದಲೇ ಅವಳು ಕಾಲೇಜಿಗೆ ಹೋಗಿ ಬರಲಿ ಎಂದು. ಪ್ರಿನ್ಸಿಪಾಲರ ಮುಂದೆಯೂ ನಿಂತೆ. ಅವಳಿಗೆ ವಾರದ ಪರೀಕ್ಷೆಗಳಿಂದ ಬಿಡುವು ಬೇಕು, ಗೋಡೆಯ ಮೇಲಿನ ರ‍್ಯಾಂಕಿನ ಪಟ್ಟಿಯಲ್ಲಿ ಅವಳ ಹೆಸರು ಬೇಡ ಎಂದೆ. ಸೆರಗಿನ ತುದಿ ನನ್ನ ಬೆವರಿಗೆ ಒದ್ದೆಯಾಗಿತ್ತು. ಒಪ್ಪಿದರು. ಒಬ್ಬ ಲೆಕ್ಚರರಮ್ಮ ದಿನವೂ ಅವಳನ್ನು ಪಕ್ಕಕ್ಕೆ ಕರೆದು ಮಾತಾಡಿಸಲು ತಾವೇ ಮುಂದಾದರು.

ಎಲ್ಲ ದಿನವೂ ಸರಿ ಹೋಗಲಿಲ್ಲ. ಅವಳು ಏಳದೆ ಗೋಡೆಗೆ ಮುಖ ಮಾಡಿ ಮಲಗಿದ ದಿನಗಳಿವೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದೆ. ಮೂರನೆಯ ತಿಂಗಳು ಒಂದು ಬೆಳಿಗ್ಗೆ ತಾನೇ ಎದ್ದು ಬಂದು, ತಲೆಗೆ ಎಣ್ಣೆ ಹಚ್ಚು ಎಂದು ನನ್ನ ಮುಂದೆ ಕೂತಳು.

ಅಮ್ಮಣ್ಣಿ ಈಗಲೂ ತಿಂಗಳಿಗೊಮ್ಮೆ ಡಾಕ್ಟರಮ್ಮನ ಹತ್ತಿರ ಹೋಗುತ್ತಾಳೆ. ಅದನ್ನು ನಾವು ಯಾರಿಂದಲೂ ಮುಚ್ಚಿಟ್ಟಿಲ್ಲ. ಪಾಪಣ್ಣಾ, ಗಂಡುಹುಡುಗ ಅಂತ ನೀನು ಬಾಯಿ ಕಟ್ಟಿಕೊಂಡಿರಬೇಡ. ಅಕ್ಕನಿಗೆ ಹೇಳು, ಮೇಷ್ಟರಿಗೆ ಹೇಳು, ನನಗೆ ಹೇಳು. ನನ್ನ ಅಕ್ಷರ ಸೊಟ್ಟಗಿದೆ ಎಂದು ನಗಬಹುದು, ಎಸೆಯಬೇಡ. ಈ ಹಾಳೆಗಳನ್ನು ನಿನ್ನ ಟ್ರಂಕಿನಲ್ಲಿ ಬಟ್ಟೆಗಳ ಅಡಿಯಲ್ಲಿ ಇಟ್ಟುಕೊಂಡು ಹೋಗು. ಅಲ್ಲಿಯ ನಿನ್ನ ಓದು ಮುಗಿದ ಮೇಲೆ ಅಕ್ಕನಿಗೆ ಕೊಡು, ಇಬ್ಬರೂ ಸೇರಿ ಜೋಪಾನ ಮಾಡಿ.